ಶಸ್ತ್ರಕ್ರಿಯೆಯ ಅನಂತರದ ಕಾವಲು

ಶಸ್ತ್ರಕ್ರಿಯೆ ಮುಗಿದು, ರೋಗಿಯನ್ನು ತಳ್ಳುಮಂಚದ ಮೇಲೆ ವಾರ್ಡಿಗೆ ಕರೆತಂದು ಮಲಗಿಸಿ, ವೈದ್ಯರು ಕೈ ತೊಳೆದುಕೊಂಡು ಹೊರಟೊಡನೆಯೇ ಬಂಧುಗಳು ಗಂಡಾಂತರ ಕಳೆಯಿತೆಂದು ಭಾವಿಸಿ ಕಾಫಿಗೆ ಹೋಗುವುದು ಎಲ್ಲ ಊರುಗಳ ವಾಡಿಕೆ. ಈ ಸಮಾಧಾನವು ಕೆಲವು ಗಂಟೆಗಳಷ್ಟು ಮುಂಚಿತವಾದುದು. ಒಳಗೆ ಕಟ್ಟಿದ ರಕ್ತನಾಳವು ಸಡಿಲಗೊಂಡು ರಕ್ತ ಸೋರುವುದು, ಅರಿವಳಿಕೆಯ ಮದ್ದು ಪೂರ್ತಿಯಾಗಿ ಇಳಿಯದೆ ಉಸಿರು ಕುಗ್ಗುವುದು, ನಾಲಗೆ ಹಿಂದಕ್ಕೆ ಸರಿದು ಗಂಟಲು ಮುಚ್ಚುವುದು, ಇವೆಲ್ಲ ಅಪಾಯಗಳು ಆರಂಭವಾಗುವುದೇ ಆಗ. ಆ ಹೊತ್ತಿನಲ್ಲಿ ರೋಗಿಯ ಬಳಿ ಇರತಕ್ಕವರು ದಾದಿಯೊಬ್ಬರೇ. ಅವರು ಎಷ್ಟು ಹೊತ್ತಿಗೊಮ್ಮೆ ರೋಗಿಯ ನಾಡಿ, ಉಸಿರು, ರಕ್ತದೊತ್ತಡ, ಮೈಶಾಖಗಳನ್ನು ನೋಡಿ ಬರೆದಿಡಬೇಕೆಂಬ ಪ್ರಶ್ನೆಯನ್ನು ನಾವು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ. ಇದು ವೈದ್ಯರೊಳಗಣ ವಿಚಾರ, ಪತ್ರಿಕೆಯವರಿಗೇಕೆ ಎಂದು ಕೇಳುವವರುಂಟು. ತೆರಿಗೆ ತೆರುವವರು ನಾವು. ಆ ಮಂಚದ ಮೇಲೆ ಮಲಗುವವರೂ ನಮ್ಮ ಮನೆಯ ಹೆಂಗಸರು, ಮಕ್ಕಳು, ಮುದುಕರು. ಇಷ್ಟು ಕಾರಣ ಸಾಲದೆ?

ರೋಗಿಯನ್ನು ಕಾಯುವವರ ಮಹತ್ವವನ್ನು ನಮ್ಮ ಹಿರಿಯರು ಅರಿಯದೆ ಇರಲಿಲ್ಲ. ಚಿಕಿತ್ಸೆಯ ನಾಲ್ಕು ಪಾದಗಳನ್ನು ಎಣಿಸುವಾಗ ಚರಕಸಂಹಿತೆಯು ವೈದ್ಯ, ಔಷಧ, ರೋಗಿ ಇವರೊಡನೆ ಉಪಸ್ಥಾತೃವನ್ನೂ, ಎಂದರೆ ಬಳಿಯಲ್ಲಿ ನಿಂತು ಉಪಚರಿಸುವವರನ್ನೂ, ಸೇರಿಸಿದೆ. ಅವರಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸಿದೆ. ಪಶ್ಚಿಮದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಹೊರತಂದ ತಮ್ಮ ಶುಶ್ರೂಷಾ ಗ್ರಂಥದಲ್ಲಿ ರೋಗಿಯನ್ನು ಗಮನಿಸುವ ವಿದ್ಯೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಅರಿವಳಿಕೆಯಲ್ಲಿರುವ ರೋಗಿಯ ನಾಡಿಯನ್ನೂ ಉಸಿರನ್ನೂ ಕ್ಷಣಕ್ಷಣಕ್ಕೆ ಕಾಗದದ ಮೇಲೆ ಗುರುತಿಸುವ ಪದ್ಧತಿಯನ್ನು 1894ರ ಸುಮಾರಿಗೆ ಬಾಸ್ಟನ್ ನಗರದಲ್ಲಿ ಆರಂಭಿಸಿದವರು ಕಾಡ್ಮನ್, ಕುಶಿಂಗ್ ಎಂಬ ಇಬ್ಬರು ವೈದ್ಯ ವಿದ್ಯಾರ್ಥಿಗಳು. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಪ್ರಕಟಿಸಿದರು. ಅದೇ ಕುಶಿಂಗ್ 1901ರಲ್ಲಿ ಇಟಲಿಗೆ ಹೋದಾಗ ಅದನ್ನು ಕಂಡು ಅಮೆರಿಕಕ್ಕೆ ಒಯ್ದರು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳ ಮಂಚದ ಕಾಲಿಗೆ ತೂಗಾಡುವ ಚಾರ್ಟು ಈ ವಂಶದ್ದೇ.

ಆದರೆ ಎಷ್ಟು ಹೊತ್ತಿಗೊಮ್ಮೆ? ದಾದಿಯರ ಶಾಲೆಗಳಲ್ಲಿ ಬಹುಕಾಲದಿಂದ ಕಲಿಸಿಕೊಂಡು ಬಂದಿರುವ ಪಾಠ ಹೀಗಿದೆ: ಮೊದಲ ಒಂದು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ, ಮುಂದಿನ ನಾಲ್ಕು ಗಂಟೆ ಗಂಟೆಗೊಮ್ಮೆ, ಅನಂತರ ನಾಲ್ಕು ಗಂಟೆಗೊಮ್ಮೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ತುಸು ವ್ಯತ್ಯಾಸವಿದ್ದರೂ ಚೌಕಟ್ಟು ಇದೇ. ಈ ಅಂಕಗಳು ಯಾವ ಪ್ರಯೋಗದಿಂದ ಬಂದವು ಎಂದು ಹುಡುಕಿದರೆ ಮಾತ್ರ ಕೈಗೆ ಸಿಕ್ಕುವುದು ಅತ್ಯಲ್ಪ. ಆಸ್ಟ್ರೇಲಿಯದ ಶುಶ್ರೂಷಾ ಸಂಶೋಧಕರು ಈ ಶತಮಾನದ ಆರಂಭದಲ್ಲಿ ವಿಚಾರಿಸಿ ನೋಡಿ, ಇದು ಬಹುಮಟ್ಟಿಗೆ ಸಂಪ್ರದಾಯದಿಂದ ನಡೆದುಬಂದುದೇ ಹೊರತು ಪ್ರಮಾಣದಿಂದ ಸಿದ್ಧವಾದುದಲ್ಲವೆಂದು ಬರೆದರು. ಇಂಗ್ಲೆಂಡಿನ ನೈಸ್ ಸಂಸ್ಥೆಯು 2011ರಲ್ಲಿ ಸಿಸೇರಿಯನ್ ಆದ ಬಾಣಂತಿಯರ ವಿಷಯದಲ್ಲಿ, ಅರಿವಳಿಕೆಯಿಂದ ಚೇತರಿಸಿಕೊಳ್ಳುವ ತನಕ ಒಬ್ಬರ ಬಳಿ ಒಬ್ಬರು ನಿಂತಿರಬೇಕೆಂದೂ, ತರುವಾಯ ಎರಡು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆಯೂ ಆಮೇಲೆ ಸ್ಥಿತಿ ಸ್ಥಿರವಾಗಿದ್ದರೆ ಗಂಟೆಗೊಮ್ಮೆಯೂ ನೋಡಬೇಕೆಂದೂ ಹೇಳಿತು. ಕಾಲು ಗಂಟೆಯೋ ಅರ್ಧ ಗಂಟೆಯೋ ಎಂಬುದರಲ್ಲಿ ಬಲ್ಲವರಲ್ಲಿಯೇ ಭೇದವಿದೆ. ಮೊದಲ ಕೆಲವು ಗಂಟೆಗಳಲ್ಲಿ ಕಾವಲು ದಟ್ಟವಾಗಿರಬೇಕು ಎಂಬುದರಲ್ಲಿ ಭೇದವಿಲ್ಲ.

ದಟ್ಟವಾಗಿ ಏಕೆ ನೋಡಬೇಕೆಂಬುದನ್ನು ವೈದ್ಯರಲ್ಲದವರೂ ತಿಳಿದಿರುವುದು ಒಳಿತು. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರು ರಕ್ತವಿದೆ. ಅದರಲ್ಲಿ ನೂರಕ್ಕೆ ಹದಿನೈದು ಪಾಲು ಸೋರಿದರೂ ಹೊರಗೆ ಏನೂ ತೋರದಿರಬಹುದು. ಹದಿನೈದರಿಂದ ಮೂವತ್ತರವರೆಗೆ ಸೋರುವಾಗ ನಾಡಿ ಏರುತ್ತದೆ, ಉಸಿರು ತುಸು ಬಿರುಸಾಗುತ್ತದೆ, ರೋಗಿ ಕಳವಳಪಡುತ್ತಾನೆ. ಆದರೆ ರಕ್ತದೊತ್ತಡದ ಮೇಲಂಕ ಇನ್ನೂ ಹೆಚ್ಚು ಕಡಮೆ ಹಾಗೆಯೇ ಇರುತ್ತದೆ. ಮೂವತ್ತು ದಾಟಿದ ಮೇಲೆ ಅದು ಕುಸಿಯುತ್ತದೆ, ಮತ್ತು ಆ ವೇಳೆಗೆ ಒಂದೂವರೆ ಲೀಟರು ರಕ್ತ ಹೋಗಿರುತ್ತದೆ. ಹರೆಯದ ಬಾಣಂತಿಯರಲ್ಲಂತೂ ದೇಹವು ಬಹಳ ಹೊತ್ತು ತಡೆದು ನಿಂತು ಒಮ್ಮೆಲೇ ಕೈಬಿಡುತ್ತದೆ. ಆದುದರಿಂದ ಒತ್ತಡದ ಯಂತ್ರವನ್ನು ಮಾತ್ರ ನಂಬಿ, ನಾಡಿಯನ್ನೂ ಉಸಿರನ್ನೂ ಎಣಿಸದೆ ಬಿಡುವುದು ದೊಡ್ಡ ತಪ್ಪು. ಒಮ್ಮೆ ನೋಡಿದ ಅಂಕಕ್ಕೆ ಅರ್ಥವೂ ಕಡಮೆ. ನಾಡಿ 96 ಇದೆಯೆಂದರೆ ಏನೂ ಹೇಳಿದಂತಾಗಲಿಲ್ಲ. ಅರ್ಧ ಗಂಟೆಯ ಹಿಂದೆ 84, ಅದಕ್ಕೂ ಮುಂಚೆ 76 ಇತ್ತೆಂದರೆ ಆಗ ವೈದ್ಯರನ್ನು ಎಬ್ಬಿಸಬೇಕು.

ಎಲ್ಲಕ್ಕಿಂತ ಮೊದಲು ಬದಲಾಗುವುದೂ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾಗುವುದೂ ಉಸಿರಿನ ಎಣಿಕೆ. ಅದಕ್ಕೆ ಯಂತ್ರ ಬೇಕಿಲ್ಲ, ಗಡಿಯಾರ ನೋಡುತ್ತ ಒಂದು ನಿಮಿಷ ನಿಲ್ಲುವ ತಾಳ್ಮೆ ಬೇಕು. ಆ ತಾಳ್ಮೆಗೆ ಎಡೆಯಿಲ್ಲದ ಕಡೆ ಚಾರ್ಟಿನಲ್ಲಿ ಎಲ್ಲ ರೋಗಿಗಳ ಉಸಿರೂ ನಿಮಿಷಕ್ಕೆ 18 ಅಥವಾ 20! ಕೊರೋನಾ ಬಂದ 2020-21ರಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮನೆಗೂ ಪರಿಚಯವಾಯಿತು. ಅದು ಉಪಯುಕ್ತವಾದ ಸಾಧನವೇ. ಆದರೆ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿರುವ ರೋಗಿಯಲ್ಲಿ, ನೋವಿನ ಮದ್ದಿನ ಅಮಲಿನಿಂದ ಉಸಿರು ನಿಮಿಷಕ್ಕೆ ಎಂಟಕ್ಕೆ ಇಳಿದಿದ್ದರೂ ಆಕ್ಸಿಮೀಟರು ಬಹಳ ಹೊತ್ತು 98 ಎಂದೇ ತೋರಿಸುತ್ತಿರಬಹುದು.

ಈ ಸೀಮೆಯವರಿಗೆ ಕಾವಲಿನ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ರೈತನು ಹುಳುಮನೆಯ ಗೋಡೆಗೆ ಉಷ್ಣಮಾಪಕವನ್ನು ತೂಗುಹಾಕಿ ಶಾಖವನ್ನೂ ತೇವವನ್ನೂ ನೋಡಿಕೊಳ್ಳುತ್ತಾನೆ. ಹುಳುವಿಗೆ ಜ್ವರ ಬರುವ ಹೊತ್ತಿಗೆ ಸೊಪ್ಪು ನಿಲ್ಲಿಸುತ್ತಾನೆ, ಜ್ವರ ಬಿಟ್ಟು ಏಳುವ ಹೊತ್ತನ್ನು ಕಾಯುತ್ತಾನೆ. ನಾಲ್ಕನೆಯ ಜ್ವರ ದಾಟಿ ಹುಳು ಹಣ್ಣಾಗುವ ದಿನಗಳಲ್ಲಿ ಮನೆಮಂದಿಯೆಲ್ಲ ಸರದಿಯ ಮೇಲೆ ರಾತ್ರಿ ಎದ್ದು, ಹಣ್ಣಾದುದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಎಂದು ಹೆಚ್ಚು ನೋಡಬೇಕು, ಎಂದು ಕಡಮೆ ನೋಡಿದರೆ ಸಾಕು ಎಂಬುದು ಅವನಿಗೆ ಗೊತ್ತಿದೆ. ಸುಮಾರು ಇಪ್ಪತ್ತೈದು ದಿನಗಳ ಬೆಳೆಗೆ ಇಷ್ಟು ಎಚ್ಚರ ವಹಿಸುವ ಜನರು, ತಮ್ಮ ಮಗಳ ಹೊಟ್ಟೆ ಕೊಯ್ದ ರಾತ್ರಿ ಅವಳ ನಾಡಿಯನ್ನು ಎಷ್ಟು ಸಲ ನೋಡಿದಿರಿ ಎಂದು ಕೇಳಲು ಅಂಜುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ. ನಾಡಿ, ಉಸಿರು, ಒತ್ತಡ, ಶಾಖ ಇಷ್ಟನ್ನೂ ನಿಜವಾಗಿ ನೋಡಿ, ಗಾಯದ ಪಟ್ಟಿಯನ್ನು ಕಣ್ಣಾರೆ ಕಂಡು, ಬರೆದಿಡಲು ರೋಗಿಯೊಬ್ಬರಿಗೆ ಐದು ನಿಮಿಷವೆಂದು ಹಿಡಿಯೋಣ. ಮೇಲೆ ಹೇಳಿದ ಪಾಠದ ಪ್ರಕಾರ ಮೊದಲ ಏಳು ಗಂಟೆಗಳಲ್ಲಿ ಒಬ್ಬ ರೋಗಿಯನ್ನು ಹನ್ನೆರಡು ಸಲ ನೋಡಬೇಕು, ಎಂದರೆ ಅರುವತ್ತು ನಿಮಿಷ. ಒಂದೇ ದಿನ ಆರು ಮಂದಿಗೆ ಶಸ್ತ್ರಕ್ರಿಯೆಯಾಗಿದ್ದರೆ ಆರು ಗಂಟೆ. ಏಳು ಗಂಟೆಗಳಲ್ಲಿ ಆರು ಗಂಟೆಯನ್ನು ಈ ಒಂದು ಕೆಲಸವೇ ನುಂಗಿದ ಮೇಲೆ ಮದ್ದು ಕೊಡುವವರಾರು, ಸೂಜಿ ಹಾಕುವವರಾರು, ಡ್ರಿಪ್ಪು ಬದಲಾಯಿಸುವವರಾರು, ಹೊಸದಾಗಿ ಬಂದವರನ್ನು ದಾಖಲು ಮಾಡಿಕೊಳ್ಳುವವರಾರು? ಆರು ಮಂದಿಯೂ ಒಟ್ಟಿಗೇ ಹೊರಬಂದರಂತೂ ಮೊದಲ ಗಂಟೆಯಲ್ಲಿ ಪ್ರತಿ ಹದಿನೈದು ನಿಮಿಷದೊಳಗೆ ಮೂವತ್ತು ನಿಮಿಷದ ಕೆಲಸ ಮಾಡಬೇಕಾಗುತ್ತದೆ. ಯಾವ ದೇವತೆಯಿಂದಲೂ ಇದು ಸಾಧ್ಯವಲ್ಲ.

ಸಾಧ್ಯವಲ್ಲದುದನ್ನು ವಿಧಿಸಿದರೆ ಪುಸ್ತಕ ಸುಳ್ಳಾಗುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಕುಳಿತು, ಹಿಂದಿನ ಎಂಟು ಗಂಟೆಗಳ ಮನೆಗಳನ್ನೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ, ನಾಡಿ 80, ಒತ್ತಡ 120/80 ಎಂದು ತುಂಬಿದ ಚಾರ್ಟುಗಳನ್ನು ಆಸ್ಪತ್ರೆಗಳ ಪರಿಚಯವುಳ್ಳ ಯಾರೂ ಕಂಡಿಲ್ಲವೆನ್ನಲಾರರು. ಇಂಥ ಚಾರ್ಟು ಖಾಲಿ ಚಾರ್ಟಿಗಿಂತ ಕೇಡು. ಖಾಲಿಯಾಗಿದ್ದರೆ ಬೆಳಗ್ಗೆ ಬಂದ ವೈದ್ಯರು ಕೇಳುತ್ತಿದ್ದರು, ತುಂಬಿದ್ದನ್ನು ಕಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ದಾದಿಯರನ್ನು ಬಯ್ಯುವುದು ಸುಲಭ. ನಾವು ಆ ಕೆಲಸಕ್ಕೆ ಇಳಿಯಲಾರೆವು. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡವು ಬೋಧನಾ ಆಸ್ಪತ್ರೆಗಳಲ್ಲಿ ಮೂರು ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬರು ದಾದಿಯಿರಬೇಕೆನ್ನುತ್ತದೆ. ರಾತ್ರಿಯ ಪಾಳಿಯಲ್ಲಿ ಒಂದು ಇಡೀ ವಾರ್ಡನ್ನು ಒಬ್ಬರ ಮೇಲೆ ಹೊರಿಸಿ, ಅವರನ್ನೂ ಗುತ್ತಿಗೆಯ ಸಂಬಳದ ಮೇಲೆ ಇಟ್ಟುಕೊಂಡು, ಕಾಲು ಗಂಟೆಗೊಮ್ಮೆ ನೋಡು ಎಂದು ಆಜ್ಞಾಪಿಸುವವರೇ ಆ ಸುಳ್ಳಿನ ಮೊದಲ ಕರ್ತೃಗಳು. 1946ರಲ್ಲಿ ಭೋರ್ ಸಮಿತಿಯು ವರದಿ ಕೊಟ್ಟಾಗ ಈ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿಯಿದ್ದರು. ಅಲ್ಲಿಂದ ನಾವು ಬಹಳ ದೂರ ಬಂದಿರುವುದು ನಿಜ. ಈಚೆಗೆ ಸರಕಾರದ ಕಾಗದಗಳಲ್ಲಿ ದಾದಿಯರಿಗೆ ಶುಶ್ರೂಷಾಧಿಕಾರಿಗಳೆಂಬ ಗೌರವದ ಹೆಸರೂ ಬಂದಿದೆ. ಅಧಿಕಾರಿಯಾದ ಮೇಲೂ ಕೈಗಳು ಎರಡೇ.

ಇದು ಬರಿಯ ಲೆಕ್ಕದ ಮಾತಲ್ಲವೆಂಬುದಕ್ಕೆ ಬಳ್ಳಾರಿಯನ್ನು ನೆನೆಯಬೇಕು. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಕೆಲವರಿಗೆ ಮೂತ್ರಪಿಂಡವೂ ಇತರ ಅಂಗಗಳೂ ಸೋತು, ಐವರು ಮರಣ ಹೊಂದಿದರು. ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಗುಣದ ಮೇಲೆ ಸಂಶಯ ಬಿದ್ದು, ರಾಜ್ಯದ ಔಷಧ ನಿಯಂತ್ರಕರನ್ನು ಸರಕಾರವು ಅಮಾನತಿನಲ್ಲಿರಿಸಿತು. ಈ ದುರಂತವನ್ನು ದಾದಿಯರ ಕಾವಲಿನ ಮೇಲೆ ಹೊರಿಸುವುದು ಅನ್ಯಾಯವಾದೀತು. ದೋಷವು ಸೀಸೆಯಲ್ಲಿತ್ತೆಂಬ ಸಂಶಯ ಬಂದ ಕಡೆ ಮಂಚದ ಬಳಿಯವರನ್ನು ಹಿಡಿಯಬಾರದು. ನಾವು ಹೇಳುವುದಿಷ್ಟೆ: ಮದ್ದು ಕೆಟ್ಟಿರಲಿ, ಹೊಲಿಗೆ ಸಡಿಲವಾಗಿರಲಿ, ನಂಜು ಏರಿರಲಿ, ಯಾವ ಕಾರಣವೇ ಆಗಲಿ, ಅದು ಹೊರಬೀಳುವ ಬಾಗಿಲು ಒಂದೇ, ನಾಡಿ, ಉಸಿರು, ಒತ್ತಡ, ಮತ್ತು ಗಂಟೆಗಂಟೆಗೆ ಚೀಲಕ್ಕೆ ಇಳಿಯುವ ಮೂತ್ರದ ಅಳತೆ. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಾದ 464 ತಾಯಂದಿರ ಮರಣಗಳನ್ನು ಸರಕಾರವು ಪರಿಶೋಧನೆ ಮಾಡಿಸಿದಾಗ, ನೂರಕ್ಕೆ ಎಪ್ಪತ್ತಕ್ಕಿಂತಲೂ ಹೆಚ್ಚು ತಪ್ಪಿಸಬಹುದಾಗಿದ್ದವೆಂದು ತಿಳಿದುಬಂದಿತು. ಇವೆಲ್ಲವೂ ಶಸ್ತ್ರಕ್ರಿಯೆಯವಲ್ಲ. ಆದರೂ ತಪ್ಪಿಸಬಹುದಾಗಿತ್ತು ಎಂಬ ಮಾತನ್ನು ಓದಿ ಪುಟ ತಿರುಗಿಸಿಬಿಡುವಂತಿಲ್ಲ.

ಗಂಪುಗಂಪಾಗಿ ಶಸ್ತ್ರಕ್ರಿಯೆ ಮಾಡುವ ಚಪಲವನ್ನು ಕುರಿತೂ ಒಂದು ಮಾತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆದು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 14ರಂದು ತೀರ್ಪಿತ್ತಿತು. ಮೇಲಿನ ಲೆಕ್ಕವನ್ನು 83ಕ್ಕೆ ಹಚ್ಚಿ ನೋಡಿದರೆ ಅಲ್ಲಿ ಕಾವಲೆಂಬುದು ಇದ್ದಿರುವ ಸಂಭವವೇ ಕಾಣದು. ಒಂದು ದಿನಕ್ಕೆ ಎಷ್ಟು ಶಸ್ತ್ರಕ್ರಿಯೆ ಎಂಬುದನ್ನು ಶಸ್ತ್ರವೈದ್ಯರ ಕೈಚಳಕದಿಂದ ನಿರ್ಣಯಿಸುವುದಲ್ಲ, ಆ ರಾತ್ರಿ ವಾರ್ಡಿನಲ್ಲಿರುವ ದಾದಿಯರ ಸಂಖ್ಯೆಯಿಂದ ನಿರ್ಣಯಿಸಬೇಕು.

ಹಾಗಾದರೆ ಮಾಡುವುದೇನು? ಎಲ್ಲರನ್ನೂ ಒಂದೇ ಗಡಿಯಾರಕ್ಕೆ ಕಟ್ಟದೆ, ಯಾರಿಗೆ ಅಪಾಯ ಹೆಚ್ಚೋ ಅವರನ್ನು ಹೆಚ್ಚು ಸಲ ನೋಡುವ ಕ್ರಮವೊಂದು ಇಂಗ್ಲೆಂಡಿನಲ್ಲಿ 2012ರಿಂದ ಬಳಕೆಯಲ್ಲಿದೆ. 2017ರಲ್ಲಿ ಅದನ್ನು ಪರಿಷ್ಕರಿಸಿದರು. ಉಸಿರು, ಆಮ್ಲಜನಕ, ಒತ್ತಡ, ನಾಡಿ, ಎಚ್ಚರ, ಶಾಖ ಇವುಗಳಿಗೆ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸುವುದು. ಮೊತ್ತ ಸೊನ್ನೆಯಾದರೆ ಹನ್ನೆರಡು ಗಂಟೆಗೊಮ್ಮೆಯಾದರೂ ನೋಡಬೇಕು. ಒಂದರಿಂದ ನಾಲ್ಕಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ. ಐದು ಮುಟ್ಟಿದರೆ, ಅಥವಾ ಯಾವುದಾದರೂ ಒಂದರಲ್ಲೇ ಮೂರು ಬಂದರೆ, ಗಂಟೆಗೊಮ್ಮೆ ನೋಡಿ ವೈದ್ಯರನ್ನು ಕರೆಯಬೇಕು. ಏಳಾದರೆ ಕಣ್ಣು ತೆಗೆಯದೆ ಕಾಯಬೇಕು. ಶಸ್ತ್ರಕ್ರಿಯೆಯಾದ ಮೊದಲ ಗಂಟೆಗಳ ದಟ್ಟ ಕಾವಲು ಇದಕ್ಕಿಂತ ಬೇರೆಯಾಗಿ ಇರಲೇಬೇಕು. ಅದು ಮುಗಿದ ಮೇಲೆ ಈ ಕ್ರಮಕ್ಕೆ ಬಂದರೆ, ಚೆನ್ನಾಗಿ ನಿದ್ದೆಮಾಡುತ್ತಿರುವ ಮೂರನೆಯ ದಿನದ ರೋಗಿಯನ್ನು ನಡುರಾತ್ರಿ ಎಬ್ಬಿಸಿ ಶಾಖ ನೋಡುವ ವ್ಯರ್ಥ ಶ್ರಮ ಉಳಿದು, ಆ ಹೊತ್ತು ಇಂದು ಮಧ್ಯಾಹ್ನ ಹೊರಬಂದವರಿಗೆ ಒದಗುವುದು. ಇದಕ್ಕೆ ಬೇಕಾದುದು ಬಣ್ಣ ಹಚ್ಚಿದ ಒಂದು ಹಾಳೆ.

ಹಾಳೆಯೊಂದರಿಂದ ಏನಾದೀತೆಂದು ಹಗುರವಾಗಿ ನುಡಿಯುವವರು ನಮ್ಮ ರಾಜ್ಯದ ಅನುಭವವನ್ನೇ ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಮಾಡಬೇಕಾದ 29 ಕಾರ್ಯಗಳಲ್ಲಿ ಮೊದಲು ಸರಾಸರಿ ಹತ್ತು ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಆದರೆ ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ವಿಸ್ತಾರವಾಗಿ ಬಳಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವು ಅಷ್ಟು ಹರ್ಷದಾಯಕವಾಗಿರಲಿಲ್ಲ. ಜೊತೆಯಲ್ಲಿ ನಿಂತು ಕಲಿಸುವವರು ಇದ್ದಷ್ಟು ದಿನ ಆಚರಣೆ ಏರಿತು, ಅವರು ಹೋದಂತೆ ಇಳಿಯಿತು; ಮರಣಗಳೂ ಕಡಮೆಯಾಗಲಿಲ್ಲ. ಹಾಳೆಯ ಹಿಂದೆ ಮೇಲ್ವಿಚಾರಣೆಯೂ, ಕರೆದರೆ ಬರುವ ವೈದ್ಯರೂ, ರಕ್ತವೂ ಇರಬೇಕು. ಬೆಂಗಳೂರಿನಲ್ಲಿ ಹಾಸಿಗೆಯ ಕೆಳಗಿಟ್ಟರೆ ನಾಡಿಯನ್ನೂ ಉಸಿರನ್ನೂ ತಾನೇ ಎಣಿಸುವ ಯಂತ್ರಗಳು ಬಂದಿವೆ. ಬರಲಿ, ಸಂತೋಷ. ಗಂಟೆ ಬಾರಿಸುವುದು ಯಂತ್ರದ ಕೆಲಸ. ಎದ್ದು ಬರುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ರಾತ್ರಿ ಎರಡು ಗಂಟೆಗೆ ನಾಡಿ 120 ಆಗಿರುವುದನ್ನು ದಾದಿ ಕಂಡರು. ವೈದ್ಯರಿಗೆ ಫೋನು ಮಾಡಲೇ, ಬೇಡವೇ? ಇಷ್ಟಕ್ಕೆಲ್ಲ ಎಬ್ಬಿಸುವುದೇ ಎಂಬ ಗದರಿಕೆಯನ್ನು ಒಮ್ಮೆ ತಿಂದವರು ಮರುಸಲ ಒಂದು ಗಂಟೆ ಕಾದು ನೋಡುತ್ತಾರೆ. ಆ ಒಂದು ಗಂಟೆಯಲ್ಲಿ ಏನಾಗಬಹುದೆಂಬುದನ್ನು ಮೇಲೆ ಹೇಳಿದ್ದೇವೆ. ಅಂಕದ ಕ್ರಮದಲ್ಲಿ ಐದು ಬಂದರೆ ಕರೆಯಲೇಬೇಕೆಂಬ ಲಿಖಿತ ಆಜ್ಞೆಯಿದ್ದರೆ ದಾದಿಯ ಧೈರ್ಯದ ಮೇಲೆ ರೋಗಿಯ ಪ್ರಾಣ ನಿಲ್ಲುವುದಿಲ್ಲ. ಭಾಷೆಯ ತೊಡಕೂ ಉಂಟು. ಈ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು. ನೋವಿನಲ್ಲಿರುವವರು ತಾಯಿಮಾತಿನಲ್ಲಿಯೇ ನರಳುತ್ತಾರೆ. ‘ಆಯಾಸಂಗಾ ಉಂದಿ’ ಎಂದು ಮುದುಕಿಯೊಬ್ಬಳು ಹೇಳಿದರೆ ಅದು ಬರಿಯ ದಣಿವಲ್ಲ, ಉಸಿರು ಸಾಲದೆ ಬರುತ್ತಿರುವ ಏದುಸಿರೂ ಆಗಿರಬಹುದು. ಬೇರೆ ಸೀಮೆಯಿಂದ ಬಂದ ದಾದಿಗೆ ಇದನ್ನು ಹೇಳಿಕೊಡುವವರು ಬೇಕು.

ಚಿಂತಾಮಣಿಯಲ್ಲಿ ಮಲಗಿದ್ದವರ ಸ್ಥಿತಿ ಕೆಟ್ಟರೆ ಚಿಕ್ಕಬಳ್ಳಾಪುರಕ್ಕೋ, ಕೋಲಾರದ ಟಮಕಕ್ಕೋ, ಸುಮಾರು 75 ಕಿಲೋಮೀಟರು ದೂರದ ಬೆಂಗಳೂರಿಗೋ ಸಾಗಿಸಬೇಕಾಗುತ್ತದೆ. ದೂರವನ್ನು ನಾವು ಕುಗ್ಗಿಸಲಾರೆವು. ಹೊರಡುವ ಹೊತ್ತನ್ನು ಮುಂದಕ್ಕೆ ತರಬಹುದು, ಅದು ಸಕಾಲದಲ್ಲಿ ಕಂಡುಹಿಡಿದರೆ ಮಾತ್ರ. ಆದುದರಿಂದ ಮಹಾನಗರದ ದೊಡ್ಡ ಆಸ್ಪತ್ರೆಗಿಂತ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಚಿಕ್ಕ ನರ್ಸಿಂಗ್ ಹೋಮುಗಳಲ್ಲಿಯೂ ಕಾವಲು ಹೆಚ್ಚು ಬಿಗಿಯಾಗಿರಬೇಕು. ಇದು ವಿಪರೀತವಾಗಿ ತೋರಬಹುದು, ಆದರೆ ನ್ಯಾಯವು ಅಲ್ಲಿಯೇ ಇದೆ.

ಬಂಧುಗಳಿಗೂ ಪಾಲಿದೆ. ರೋಗಿಯ ಸುತ್ತ ಹತ್ತು ಮಂದಿ ಸೇರಿ ಊರಸುದ್ದಿ ಹೇಳುವುದರಿಂದ ಉಪಯೋಗವಿಲ್ಲ. ಎಚ್ಚರವಾಗಿರುವ ಒಬ್ಬರು ಸಾಕು. ಪಟ್ಟಿ ನೆನೆಯುತ್ತಿದೆಯೇ, ಮುಖ ಬಿಳಿಚಿದೆಯೇ, ಕೈಕಾಲು ತಣ್ಣಗಾಗಿ ಬೆವರಿದೆಯೇ, ಮಾತು ತೊದಲುತ್ತಿದೆಯೇ, ಉಸಿರಿನೊಡನೆ ಗೊರಗೊರ ಶಬ್ದವಿದೆಯೇ ಎಂದು ನೋಡಿ ದಾದಿಯರಿಗೆ ಹೇಳುವುದು ಓದುಬಾರದವರಿಂದಲೂ ಆಗುತ್ತದೆ. ಆದರೆ ಇದು ದಾದಿಯರ ಕೆಲಸಕ್ಕೆ ಬದಲಾಗಬಾರದು; ಸಿಬ್ಬಂದಿ ಕಡಮೆಯಿದೆಯೆಂದು ಬಂಧುಗಳ ಕೈಗೆ ಶಾಖಮಾಪಕವನ್ನು ಕೊಟ್ಟು ಸುಮ್ಮನಾಗುವ ಆಸ್ಪತ್ರೆಯವರನ್ನು ನಾವು ಮೆಚ್ಚಲಾರೆವು. ವಿದ್ಯಾವಂತರಾದ ವಾಚಕರು ಇನ್ನೊಂದನ್ನು ತಿಳಿದಿರಬೇಕು. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ ರೋಗಿಯೋ ಅವನ ಅಧಿಕೃತ ಪ್ರತಿನಿಧಿಯೋ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಕಾವಲಿನ ಚಾರ್ಟೂ ಆ ದಾಖಲೆಯ ಭಾಗವೇ. ಅದನ್ನು ಕೇಳುವುದು ಜಗಳವಲ್ಲ. ಕೇಳುವವರಿದ್ದಾರೆಂದು ತಿಳಿದರೆ ಬರೆಯುವವರೂ ಹೊತ್ತಿಗೆ ಸರಿಯಾಗಿ ಬರೆಯುವರು, ಬರೆಸುವವರೂ ಸಾಕಷ್ಟು ಜನರನ್ನು ನೇಮಿಸುವರು.

ಸರಕಾರದವರಲ್ಲಿಯೂ ಜಿಲ್ಲಾಧಿಕಾರಿಗಳಲ್ಲಿಯೂ ನಮ್ಮ ಬಿನ್ನಹವು ದೊಡ್ಡದಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮದಂತೆ ನರ್ಸಿಂಗ್ ಹೋಮುಗಳ ನೋಂದಣಿಯು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ. ತಪಾಸಣೆಗೆ ಹೋದಾಗ ಕಟ್ಟಡದ ನಕ್ಷೆ, ಕಸದ ಬುಟ್ಟಿಗಳ ಬಣ್ಣ ನೋಡುವುದರೊಡನೆ, ಹಿಂದಿನ ವಾರ ಶಸ್ತ್ರಕ್ರಿಯೆಯಾದ ಯಾವನಾದರೂ ರೋಗಿಯ ಮೊದಲ ರಾತ್ರಿಯ ಚಾರ್ಟನ್ನು ತೆಗೆಸಿ, ಆ ರಾತ್ರಿಯ ಪಾಳಿಯ ಪುಸ್ತಕದ ಪಕ್ಕದಲ್ಲಿಟ್ಟು ಓದಲಿ. ಒಬ್ಬರೇ ದಾದಿ ಒಂದೇ ನಿಮಿಷದಲ್ಲಿ ನಾಲ್ಕು ಮಂಚಗಳ ಬಳಿ ನಿಂತಿದ್ದರೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಸರಕಾರದ ಆಸ್ಪತ್ರೆಗಳಲ್ಲಿಯೂ ಇದೇ ಪರೀಕ್ಷೆ ನಡೆಯಲಿ. ಶಸ್ತ್ರಕ್ರಿಯೆಯ ದಿನಗಳ ರಾತ್ರಿ ಹೊಸ ರೋಗಿಗಳ ಕೋಣೆಗೆ ಬೇರೆ ಕೆಲಸವಿಲ್ಲದ ಒಬ್ಬ ದಾದಿಯನ್ನು ಮೀಸಲಿಡಲಿ. ಖಾಲಿಯಿರುವ ಹುದ್ದೆಗಳನ್ನು ಗುತ್ತಿಗೆಯಿಂದಲ್ಲ, ಖಾಯಂ ನೇಮಕದಿಂದ ತುಂಬಲಿ. ಎಷ್ಟು ಹೊತ್ತಿಗೊಮ್ಮೆ ನೋಡಲಾಗುವುದು, ಯಾವ ಲಕ್ಷಣ ಕಂಡರೆ ಬಂಧುಗಳು ಕೂಗಬೇಕು, ಕೂಗಿದರೂ ಯಾರೂ ಬಾರದಿದ್ದರೆ ಯಾವ ಸಂಖ್ಯೆಗೆ ಫೋನು ಮಾಡಬೇಕು, ಇಷ್ಟನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆಸಿ ಪ್ರತಿ ಶಸ್ತ್ರಕ್ರಿಯಾ ವಾರ್ಡಿನ ಬಾಗಿಲಿನಲ್ಲಿ ತೂಗುಹಾಕಿಸಲಿ.